ನಪಾಸಾದವರು ಅಳೆದ ರ‍್ಯಾಂಪು

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ ಹೆಂಗಸನ್ನು ಎಲ್ಲರೂ ಲ್ಯಾಬಕ್ಕ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಅವಳ ಕಣ್ಣಿಗೆ ಡಾಕ್ಟರುಗಳೆಂದರೆ ತಮ್ಮ ಬರಹ ತಾವೇ ಓದಲಾರದವರು, ನರ್ಸುಗಳೆಂದರೆ ಸೀಸೆಗೆ ಚೀಟಿ ನೆಟ್ಟಗೆ ಅಂಟಿಸಲಾರದವರು. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರಂತೂ ಮೆಶಿನ್ನಿನ ಗುಂಡಿ ಒತ್ತಿ ಅದು ಉಗುಳಿದ್ದನ್ನು ನಂಬುವವರು. ಮನುಷ್ಯರನ್ನು ನೋಡುವಾಗ ಅವಳ ಮೂಗು ತಾನಾಗಿಯೇ ಒಂದು ಕಡೆಗೆ ತುಸು ವಾಲುತ್ತಿತ್ತು.

ಮನೆಯಲ್ಲಿದ್ದ ಗಂಡನಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರನ್ನು ಬೀದಿಯೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಅವಳೂ ಹಾಗೇ ಎನ್ನುತ್ತಿದ್ದಳು, ಆದರೆ ಅವಳ ಬಾಯಲ್ಲಿ ಆ ಮಾತು ಬೇರೆಯಾಗಿ ಕೇಳಿಸುತ್ತಿತ್ತು. ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಗೋಡೆಗೆ ಏಣಿ ಒರಗಿಸಿದ ಮನುಷ್ಯ, ಮನೆಯಲ್ಲಿ ಬಲ್ಬು ಹೋದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ‘ಉಪಯೋಗಕ್ಕೆ ಬಾರದ ಬುದ್ಧಿ’ ಎಂದು ಅವಳು ಅವರೆದುರಿಗೇ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದುಂಟು. ಮೇಷ್ಟ್ರು ಪೇಪರಿನ ಹಾಳೆ ಮಗುಚಿದ್ದರು, ಅಷ್ಟೇ.

ಇವರೆಲ್ಲರಿಗಿಂತ ಅವಳ ಹೊಟ್ಟೆ ಉರಿಸಿದವನು ಆಸ್ಪತ್ರೆಯ ಹೊಸ ಆಡಳಿತಾಧಿಕಾರಿ. ಮಟಮಟ ಮಧ್ಯಾಹ್ನದಲ್ಲೂ ಗೆರೆ ಅಳಿಯದ ಅಂಗಿ ತೊಟ್ಟಿರುತ್ತಿದ್ದ ಅವನಿಗೆ ‘ಇಸ್ತ್ರಿ’ ಎಂದು ಹೆಸರಿಟ್ಟವಳು ಅವಳೇ. ಎರಡು ದಿನದಲ್ಲಿ ಆ ಹೆಸರು ಔಷಧಿ ಕೌಂಟರಿನವರೆಗೂ ಮುಟ್ಟಿತ್ತು. ಇಸ್ತ್ರಿ ಬಂದ ಮೊದಲ ತಿಂಗಳು ಗೋಡೆಗಳ ಬಣ್ಣ ಬದಲಾಯಿತು. ಎರಡನೇ ತಿಂಗಳು, ಹಿಂದಿನ ಬಾಗಿಲಿಗೆ ವೀಲ್‌ಚೇರು ಹತ್ತಿಸಲು ಅವನೇ ನಕ್ಷೆ ಬರೆದ ಒಂದು ರ‍್ಯಾಂಪು ತಯಾರಾಯಿತು. ಪಕ್ಕದಲ್ಲಿ ಅವನ ಹೆಸರಿನ ಹಿತ್ತಾಳೆ ಫಲಕವೂ ಬಂತು.

ಮೂರನೇ ತಿಂಗಳು ಲ್ಯಾಬಿನಿಂದ ಒಂದು ತಪ್ಪು ವರದಿ ಹೊರಗೆ ಹೋಯಿತು. ಮೆಶಿನ್ನು ಕೆಟ್ಟಿದ್ದ ದಿನ ಹೊಸ ಹುಡುಗಿಯೊಬ್ಬಳು ಕೈಯಲ್ಲೇ ಬರೆದುಕೊಟ್ಟಿದ್ದ ವರದಿ ಅದು. ರೋಗಿಯ ರಕ್ತದ ಪ್ಲೇಟ್‌ಲೆಟ್ ಎರಡು ಲಕ್ಷದ ಹತ್ತು ಸಾವಿರವಿತ್ತು. ಅದನ್ನು ಹತ್ತರ ಘಾತದಲ್ಲಿ ಬರೆಯುವಾಗ ಹತ್ತರ ತಲೆಯ ಮೇಲೆ ಐದರ ಬದಲು ನಾಲ್ಕು ಕೂತುಬಿಟ್ಟಿತು. ಎರಡು ಲಕ್ಷದ ಮೇಲಿದ್ದದ್ದು ಇಪ್ಪತ್ತೊಂದು ಸಾವಿರಕ್ಕೆ ಇಳಿಯಿತು. ವಾರ್ಡಿನ ಡಾಕ್ಟರು ಗಾಬರಿಯಾಗಿ ಬೇರೆ ರಕ್ತ ತರಿಸಲು ಹೊರಟಿದ್ದರು. ಅಷ್ಟರಲ್ಲಿ ಲ್ಯಾಬಕ್ಕ ಗಾಜಿನ ಪಟ್ಟಿ ಮತ್ತೊಮ್ಮೆ ನೋಡಿ, ‘ಈ ಮನುಷ್ಯ ನನಗಿಂತ ಗಟ್ಟಿಯಾಗಿದ್ದಾನೆ’ ಎಂದು ಹೇಳಿ ಕಳಿಸಿದಳು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಇಸ್ತ್ರಿಗೆ ಅದು ಸಾಲಲಿಲ್ಲ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯುವ ಜಾತಿ ಅವನದು. ಲ್ಯಾಬಿನವರು, ಬಟ್ಟೆ ಒಗೆಯುವವರು, ಸ್ಟ್ರೆಚರ್ ತಳ್ಳುವವರು, ಅಡುಗೆಮನೆಯವರು ಹೀಗೆ ಸಿಬ್ಬಂದಿಯೆಲ್ಲರೂ ಶಾಲೆಯ ಮಟ್ಟದ ಒಂದು ಗಣಿತ ಪರೀಕ್ಷೆ ಬರೆಯಬೇಕೆಂದು ಆಜ್ಞೆ ಹೊರಟಿತು. ಇಪ್ಪತ್ತು ಅಂಕ, ಹನ್ನೆರಡು ಬಂದರೆ ಪಾಸು.

ಊಟದ ಹಾಲಿನಲ್ಲಿ ಬೆಂಚುಗಳನ್ನು ದೂರದೂರ ಸರಿಸಿ ಪರೀಕ್ಷೆ ನಡೆಸಿದರು. ಲ್ಯಾಬಕ್ಕ ಪ್ರಶ್ನೆಪತ್ರಿಕೆಯನ್ನು ಎರಡು ಬೆರಳಲ್ಲಿ, ಯಾರದೋ ಮಲದ ಮಾದರಿ ಹಿಡಿದ ಹಾಗೆ ಹಿಡಿದುಕೊಂಡಳು. ಹದಿಮೂರು ಮೀಟರ್ ಏಣಿಯ ಬುಡ ಗೋಡೆಯಿಂದ ಐದು ಮೀಟರ್ ದೂರ ಇದ್ದರೆ ತುದಿ ಎಷ್ಟು ಎತ್ತರ ಮುಟ್ಟುತ್ತದೆ? ಅವಳು ಎಂಟು ಎಂದು ಬರೆದಳು. ಹದಿಮೂರರಲ್ಲಿ ಐದು ಹೋದರೆ ಎಂಟು, ಇದಕ್ಕೊಂದು ಪರೀಕ್ಷೆ ಬೇರೆ ಕೇಡು. ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ ಮೂವತ್ತಾರನ್ನು ಹತ್ತರ ಘಾತದಲ್ಲಿ ಬರೆಯಿರಿ ಎಂದಿತ್ತು. ಮೂರು ಪಾಯಿಂಟ್ ಆರು, ಗುಣಿಸು ಹತ್ತರ ಘಾತ ನಾಲ್ಕು ಎಂದು ಗೀಚಿದಳು. ಹನ್ನೆರಡೇ ನಿಮಿಷಕ್ಕೆ ಎದ್ದು, ಪಕ್ಕದ ಬೆಂಚಿನಲ್ಲಿ ಬೆರಳು ಮಡಿಸಿ ಎಣಿಸುತ್ತಿದ್ದ ಅಡುಗೆಮನೆಯ ಹೆಂಗಸಿನ ಕಡೆ ಒಂದು ನೋಟ ಬೀರಿ ಹೊರಗೆ ನಡೆದಳು.

ಸೋಮವಾರ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ಅಡುಗೆಮನೆಯ ಹೆಂಗಸಿಗೆ ಹದಿನೇಳು. ನಪಾಸಾದವರು ಹದಿನಾಲ್ಕು ಜನ, ಅವರಲ್ಲಿ ಎರಡನೆಯ ಹೆಸರು ಲ್ಯಾಬಕ್ಕನದು. ಹನ್ನೊಂದು ಅಂಕ.

ಅವಳು ಪಟ್ಟಿಯನ್ನು ಮೂರು ಸಲ ಓದಿದಳು. ಹಿಂದೆ ಯಾರೋ ಕೆಮ್ಮಿದರು. ‘ಇದನ್ನ ತಿದ್ದಿದವರು ಯಾರು? ಅವರಿಗೆ ಲೆಕ್ಕ ಬರತ್ತಾ?’ ಎಂದು ಕೇಳಿದಳು. ಆ ಮಧ್ಯಾಹ್ನ ಲ್ಯಾಬಿನ ಹೊಸ ಹುಡುಗಿಯರು ಅವಳೆದುರು ಬಹಳ ವಿನಯದಿಂದ ನಡೆದುಕೊಂಡರು. ನಕ್ಕಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ನಪಾಸಾದವರಿಗೆ ಆರು ದಿನ, ಮೂರರಿಂದ ನಾಲ್ಕು ಗಂಟೆಯವರೆಗೆ ಪಾಠ, ಆಮೇಲೆ ಮರುಪರೀಕ್ಷೆ ಎಂದು ಪಟ್ಟಿಯ ಕೆಳಗೆ ಬರೆದಿತ್ತು. ಮನೆಯಲ್ಲಿ ಅವಳು ಈ ವಿಷಯ ಎತ್ತಲಿಲ್ಲ. ಮೇಷ್ಟ್ರು ಊಟ ಮಾಡುತ್ತ, ‘ನಾಳೆಯಿಂದ ಒಂದು ಕಡೆ ಪಾಠ ಇದೆ ಕಣೇ, ಆರು ದಿನ. ಹಳೇ ಶಿಷ್ಯನೊಬ್ಬ ಕರೆದಿದ್ದಾನೆ’ ಎಂದರು. ಯಾವ ಕಡೆ ಎಂದು ಅವಳು ಕೇಳಲಿಲ್ಲ. ಅವರು ಎಲ್ಲಿ ಏನು ಪಾಠ ಮಾಡುತ್ತಾರೆಂದು ಕೇಳುವುದನ್ನು ಅವಳು ಬಿಟ್ಟು ಯಾವ ಕಾಲವಾಗಿತ್ತೋ.

ಹಳೆಯ ಹಾಸಿಗೆ ಬಟ್ಟೆ ತುಂಬುತ್ತಿದ್ದ ಕೋಣೆಯನ್ನು ಪಾಠಕ್ಕೆಂದು ಖಾಲಿ ಮಾಡಿದ್ದರು. ಫಿನಾಯಿಲ್ ವಾಸನೆ, ಕುಂಟುವ ಕುರ್ಚಿಗಳು. ಲ್ಯಾಬಕ್ಕ ಕೊನೆಯ ಸಾಲಿನಲ್ಲಿ ಕೂತಳು. ಅವಳ ಒಂದು ಪಕ್ಕ ಒಗೆಯುವ ಕೋಣೆಯ ಅಜ್ಜಿ, ಇನ್ನೊಂದು ಪಕ್ಕ ಎಲ್ಲರೂ ಸ್ಟ್ರೆಚರಣ್ಣ ಎನ್ನುತ್ತಿದ್ದ ದಪ್ಪ ತೋಳಿನ ನಡುವಯಸ್ಸಿನವನು. ಬಾಗಿಲು ತೆರೆದುಕೊಂಡಿತು. ಬಗಲಲ್ಲಿ ಸೀಮೆಸುಣ್ಣದ ಡಬ್ಬಿ, ಮೂಗಿನ ಮೇಲೆ ಜಾರುವ ಕನ್ನಡಕ, ಬೆಳಿಗ್ಗೆ ಅವಳೇ ಒಗೆದು ಹಾಕಿದ್ದ ನೀಲಿ ಅಂಗಿ. ಮೇಷ್ಟ್ರು ಒಳಗೆ ಬಂದರು.

ಕೋಣೆಯಲ್ಲಿ ಒಮ್ಮೆ ಕಣ್ಣಾಡಿಸಿದ ಅವರ ನೋಟ ಕೊನೆಯ ಸಾಲಿಗೆ ಬಂದು ನಿಂತಿತು. ಆಮೇಲೆ ಅವರ ಮುಖದಲ್ಲಿ ಕಂಡದ್ದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ. ಅದು ನೆಮ್ಮದಿಯಂತಿತ್ತು.

ಅವರು ಹಾಜರಿ ಕರೆದರು, ಅವಳ ಹೆಸರನ್ನೂ ಉಳಿದವರ ಹೆಸರಿನಂತೆಯೇ ಓದಿದರು. ಆಫೀಸಿನಲ್ಲಿದ್ದ ಆ ಹಳೇ ಶಿಷ್ಯ ತಿದ್ದಿಸಿ ಮೇಜಿನ ಮೇಲೆ ಇಟ್ಟುಹೋಗಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ, ಒಂದನ್ನು ಎತ್ತಿಕೊಂಡು, ‘ಲ್ಯಾಬಿನ ಮೇಡಂ, ಸ್ವಲ್ಪ ಬೋರ್ಡಿಗೆ ಬನ್ನಿ’ ಎಂದರು.

ಅವಳು ಹೋದಳು. ಹೋಗದೆ ಇರುವ ದಾರಿಯಿರಲಿಲ್ಲ.

‘ನಾಲ್ಕನೇ ಲೆಕ್ಕ. ನೀವು ಬರೆದದ್ದನ್ನ ಇಲ್ಲಿ ಬರೀರಿ.’

ಅವಳು ಬರೆದಳು.

‘ಹತ್ತರ ಘಾತ ನಾಲ್ಕು ಅಂದ್ರೆ ಎಷ್ಟು?’

‘ಹತ್ತು ಸಾವಿರ.’

‘ಮೂರು ಪಾಯಿಂಟ್ ಆರನ್ನ ಹತ್ತು ಸಾವಿರದಿಂದ ಗುಣಿಸಿದ್ರೆ?’

‘ಮೂವತ್ತಾರು ಸಾವಿರ.’

‘ಪ್ರಶ್ನೆಯಲ್ಲಿದ್ದದ್ದು ಒಂದಕ್ಕಿಂತ ಚಿಕ್ಕದು, ಕೂದಲೆಳೆಯಷ್ಟಿತ್ತು. ನೀವು ಅದನ್ನ ಮೂವತ್ತಾರು ಸಾವಿರ ಮಾಡಿಟ್ರಿ. ಘಾತದ ಮುಂದೆ ಮೈನಸ್ ಎಲ್ಲಿ ಹೋಯ್ತು ಮೇಡಂ?’

ಸ್ಟ್ರೆಚರಣ್ಣ ನೆಲ ನೋಡಿದ. ಅವಳು ನಾಲ್ಕರ ಮುಂದೆ ಒಂದು ಪುಟ್ಟ ಗೆರೆ ಎಳೆದಳು. ಸೀಮೆಸುಣ್ಣ ಮುರಿಯಿತು.

‘ಪರವಾಗಿಲ್ಲ,’ ಎಂದರು ಮೇಷ್ಟ್ರು, ‘ಎಂಟನೇ ಕ್ಲಾಸಿನ ಮಕ್ಕಳೂ ಮಾಡೋ ತಪ್ಪು.’

ಮನೆಗೆ ಬಂದವಳೇ ಚೀಲವನ್ನು ಮೇಜಿನ ಮೇಲೆ ಎಸೆದಳು. ‘ಹದಿಮೂರು ಜನರ ಎದುರಿಗೆ ನನ್ನ ಮರ್ಯಾದೆ ತೆಗೆದ್ರಿ.’

‘ಪೇಪರು ನಾನು ಬರೆದಿದ್ನಾ?’

‘ನಾನಿರೋದು ನಿಮಗೆ ಗೊತ್ತಿತ್ತು. ಬೇಕಂತಲೇ ಕರೆದ್ರಿ.’

‘ನೀನು ನಪಾಸಾಗಿರೋದೇ ನನಗೆ ಗೊತ್ತಿರಲಿಲ್ಲ. ಹೇಳಿದ್ದೆಯಾ?’ ಎಂದು ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಬೇಕಂತಲೇ ಕರೆದದ್ದು ನಿಜ. ಉಪಯೋಗಕ್ಕೆ ಬಾರದ ಬುದ್ಧಿ ನಂದು, ಒಂದು ದಿನವಾದ್ರೂ ಉಪಯೋಗಕ್ಕೆ ಬರಲಿ ಅಂತ.’

ಆ ಸಂಜೆ ಇಬ್ಬರೂ ಬೇರೆಬೇರೆ ಹೊತ್ತಿಗೆ ಉಂಡರು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು. ಇಷ್ಟು ವರ್ಷ ಆ ಮನುಷ್ಯ ಒಂದೊಂದು ಮಾತನ್ನೂ ಕೇಳಿಸಿಕೊಂಡು, ಒಳಗೆ ಮಡಿಸಿಟ್ಟುಕೊಂಡಿದ್ದರು. ತಾನೊಬ್ಬಳೇ ಕೀಳಾಗಿ ಕಾಣುವವಳು ಎಂದುಕೊಂಡಿದ್ದಳು. ಎದುರು ಕುರ್ಚಿಯಲ್ಲೂ ಅದೇ ಸರಕು ಇತ್ತು.

ಎರಡನೇ ದಿನವೂ ಅವಳು ಕೊನೆಯ ಸಾಲಿನಲ್ಲೇ ಕೂತಳು, ಆದರೆ ಕಿವಿ ಕೊಟ್ಟಳು. ಹಂಗಿಸಲು ಒಂದು ತಪ್ಪಾದರೂ ಸಿಗಲಿ ಎಂದು ಕಾದಳು. ಸಿಗಲಿಲ್ಲ. ಮನೆಯಲ್ಲಿ ಒಂದು ವಾಕ್ಯ ಮುಗಿಸಲು ಒದ್ದಾಡುವ ಮನುಷ್ಯ ಇಲ್ಲಿ, ಒಗೆಯುವ ಕೋಣೆಯ ಅಜ್ಜಿಗೆ ವರ್ಗಮೂಲ ಎಂದರೇನೆಂದು ಹಾಸಿಗೆ ಹೊದಿಕೆಗಳನ್ನು ಚೌಕಕ್ಕೆ ಮಡಿಸಿ ಮಡಿಸಿ ತೋರಿಸುತ್ತಿದ್ದರು. ‘ಇದಿಷ್ಟೇನಾ? ಇದಕ್ಕೇ ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಾ?’ ಎಂದಳು ಅಜ್ಜಿ.

ಮೂರನೇ ದಿನ ಲಂಬಕೋನ ತ್ರಿಭುಜದ ಸರದಿ. ಮೇಷ್ಟ್ರು ಗೋಡೆ ಬರೆದರು, ಏಣಿ ಒರಗಿಸಿದರು. ಉದ್ದದ ಓರೆ ಬದಿ ವಿಕರ್ಣ, ಅದರ ವರ್ಗ ಉಳಿದ ಎರಡು ಬದಿಗಳ ವರ್ಗಗಳ ಮೊತ್ತಕ್ಕೆ ಸಮ. ಹದಿಮೂರರ ವರ್ಗ ನೂರ ಅರವತ್ತೊಂಬತ್ತು, ಅದರಲ್ಲಿ ಐದರ ವರ್ಗ ಇಪ್ಪತ್ತೈದು ಕಳೆದರೆ ನೂರ ನಲವತ್ತನಾಲ್ಕು, ಅದರ ಮೂಲ ಹನ್ನೆರಡು. ಎಂಟಲ್ಲ.

ಸ್ಟ್ರೆಚರಣ್ಣ ಕೈ ಎತ್ತಿದ. ‘ಮೇಷ್ಟ್ರೇ, ಈ ಆಸ್ಪತ್ರೆಯಲ್ಲಿ ಏಣಿ ಹತ್ತೋರು ಯಾರೂ ಇಲ್ಲ. ಹಿಂದಿನ ಬಾಗಿಲ ರ‍್ಯಾಂಪಿನ ಲೆಕ್ಕ ಹೇಳಿಕೊಡಿ. ಅದು ನನ್ನ ಸೊಂಟ ಮುರೀತಿದೆ.’

‘ಏನಾಗಿದೆ ಅದಕ್ಕೆ?’

‘ಒಬ್ಬನೇ ತಳ್ಳೋಕಾಗಲ್ಲ. ಹೋದ ವಾರ ಒಬ್ಬ ಅಜ್ಜಿ ಕೂತಿದ್ದ ವೀಲ್‌ಚೇರು ಅರ್ಧದಿಂದ ಹಿಂದಕ್ಕೆ ಜಾರ್ತು. ನಾನು ಕಾಲು ಅಡ್ಡ ಕೊಟ್ಟೆ.’ ಪ್ಯಾಂಟು ಮೇಲೆತ್ತಿ ತೋರಿಸಿದ. ಮೊಣಕಾಲಿನ ಕೆಳಗೆ ಹಸಿರುಗಟ್ಟಿದ ಗಾಯವಿತ್ತು. ‘ಆಫೀಸಿಗೆ ಹೇಳಿದ್ದಕ್ಕೆ, ತಳ್ಳೋ ರೀತಿ ಕಲಿತುಕೋ ಅಂದ್ರು.’

ಲ್ಯಾಬಕ್ಕ ಆ ಗಾಯವನ್ನು ನೋಡಿದಳು. ವರ್ಷಗಟ್ಟಲೆ ಎದುರಿಗೆ ಓಡಾಡಿದ್ದರೂ ಈ ಮನುಷ್ಯನ ಜೊತೆ ಅವಳು ಆಡಿದ ಮಾತು ‘ಬಾಗಿಲು ಹಾಕ್ಕೊಂಡು ಹೋಗು’ ಎಂಬುದೊಂದೇ.

ಮರುದಿನ ಪಾಠ ಹೊರಗೆ ನಡೆಯಿತು. ಹದಿನಾಲ್ಕು ಜನ ಹಿಂದಿನ ಬಾಗಿಲಲ್ಲಿ ನೆರೆದರು. ಹಿತ್ತಾಳೆ ಫಲಕದಲ್ಲಿ ಇಸ್ತ್ರಿಯ ಹೆಸರು, ಅದರ ಕೆಳಗೆ ‘ಇಳಿಜಾರು ಒಂದಕ್ಕೆ ಹನ್ನೆರಡು’ ಎಂದು ಕೆತ್ತಿತ್ತು. ಒಂದು ಮೀಟರ್ ಏರಲು ನೆಲದ ಮೇಲೆ ಹನ್ನೆರಡು ಮೀಟರ್ ಸಾಗಬೇಕು, ಅದಕ್ಕಿಂತ ಕಡಿದಾದರೆ ಗಾಲಿ ಹತ್ತುವುದಿಲ್ಲ ಎಂದು ಮೇಷ್ಟ್ರು ವಿವರಿಸಿದರು. ಬುಡದಿಂದ ನೆಲದುದ್ದಕ್ಕೆ ಟೇಪು ಎಳೆಯೋಣವೆಂದರೆ ರ‍್ಯಾಂಪು ಎರಡು ಗೋಡೆಗಳ ನಡುವೆ ಗಟ್ಟಿ ಕಟ್ಟಾಗಿ ತುಂಬಿತ್ತು.

‘ಓರೆ ಅಳೀಬಹುದಲ್ಲ,’ ಎಂದಳು ಲ್ಯಾಬಕ್ಕ. ತಾನು ಬಾಯಿ ತೆರೆದದ್ದು ಅವಳಿಗೇ ಗೊತ್ತಾಗಲಿಲ್ಲ. ‘ಓರೆ ಗೊತ್ತಾದ್ರೆ, ಎತ್ತರ ಗೊತ್ತಾದ್ರೆ, ಕೆಳಗಿಂದು ಬರತ್ತೆ.’

ಮೇಷ್ಟ್ರು ಅವಳ ಕಡೆ ನೋಡದೆ, ‘ಸರಿ ಮೇಡಂ, ನೀವೇ ಟೇಪು ಹಿಡೀರಿ’ ಎಂದರು.

ಓರೆ ಆರುನೂರ ಹತ್ತು ಸೆಂಟಿಮೀಟರ್ ಬಂತು. ನೆಲದಿಂದ ಹೊಸ್ತಿಲವರೆಗೆ ಎತ್ತರ ನೂರ ಹತ್ತು. ಹದಿನಾಲ್ಕೂ ಜನ ಕಟ್ಟೆಯ ಮೇಲೆ ಕೂತು ಗುಣಿಸಿದರು. ಮೂರು ಲಕ್ಷದ ಎಪ್ಪತ್ತೆರಡು ಸಾವಿರದ ನೂರು, ಅದರಲ್ಲಿ ಹನ್ನೆರಡು ಸಾವಿರದ ನೂರು ಹೋದರೆ ಮೂರು ಲಕ್ಷದ ಅರವತ್ತು ಸಾವಿರ. ಮೂಲ ಆರುನೂರು. ಅಂದರೆ ಆರು ಮೀಟರ್. ಇರಬೇಕಾದದ್ದು ಹದಿಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್. ಅರ್ಧವೂ ಇಲ್ಲ.

‘ಆರು ಎಲ್ಲಿಂದ ಬಂತು ಅವರಿಗೆ?’ ಎಂದಳು ಅಜ್ಜಿ. ಉತ್ತರ ಹುಡುಕಿದವನು ಸ್ಟ್ರೆಚರಣ್ಣ. ರ‍್ಯಾಂಪು ಬರುವ ಮುಂಚೆ ಅಲ್ಲಿ ತಲಾ ಇಪ್ಪತ್ತು ಸೆಂಟಿಮೀಟರಿನ ಮೆಟ್ಟಿಲುಗಳಿದ್ದವು. ಅಳೆಯುವ ದಿನ ಇಸ್ತ್ರಿ ಮೂರನೇ ಮೆಟ್ಟಿಲ ಮೇಲೆ ನಿಂತು, ಅಲ್ಲಿಂದಲೇ ಹೊಸ್ತಿಲಿಗೆ ಟೇಪು ಹಿಡಿದಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಕೆಳಗೆ ಕೆಸರಿತ್ತಂತೆ, ಬೂಟು ಹಾಳಾಗುತ್ತದೆಂದು ಇಳಿದಿರಲಿಲ್ಲ. ನೂರ ಹತ್ತರಲ್ಲಿ ಅರವತ್ತು ಹೋಗಿ ಐವತ್ತು ಉಳಿಯಿತು, ಐವತ್ತು ಹನ್ನೆರಡಲಿ ಆರುನೂರು.

ಲ್ಯಾಬಕ್ಕ ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು. ಅದು ಒಳ್ಳೆಯ ನಗೆಯೇನಲ್ಲ, ಆದರೆ ಹದಿಮೂರು ಜನ ಅವಳ ಜೊತೆ ನಕ್ಕರು.

‘ಆಫೀಸಿಗೆ ಹೇಳಬೇಕು,’ ಎಂದಳು.

ಮೇಷ್ಟ್ರು ಸೀಮೆಸುಣ್ಣವನ್ನು ಡಬ್ಬಿಗೆ ಹಾಕುತ್ತಿದ್ದರು. ‘ನಾನು ಆರು ದಿನಕ್ಕೆ ಬಂದವನು. ಲೆಕ್ಕ ಕಲಿಸೋದು ನನ್ನ ಕೆಲಸ. ಸುಮ್ನೆ ಯಾಕೆ ಅವರನ್ನ ಎದುರು ಹಾಕ್ಕೊಳ್ಳೋದು?’

‘ಮೂವತ್ತೊಂದು ವರ್ಷ ಹೀಗೇ ಅಲ್ವಾ ನೀವು,’ ಎಂದಳು ಅವಳು. ‘ಉತ್ತರದ ಕೆಳಗೆ ಎರಡು ಗೆರೆ ಎಳೆದು ಮನೆಗೆ ಬರೋದು. ಆ ಉತ್ತರ ಯಾರ ಕಾಲಿನ ಮೇಲೆ ಬಿತ್ತು ಅಂತ ನೋಡಲ್ಲ.’ ಸ್ಟ್ರೆಚರಣ್ಣನ ಮೊಣಕಾಲಿನ ಕಡೆ ಬೆರಳು ತೋರಿಸಿದಳು. ಮೇಷ್ಟ್ರು ಡಬ್ಬಿಯ ಮುಚ್ಚಳವನ್ನು ಎರಡೆರಡು ಸಲ ಮುಚ್ಚಿದರು. ಕಿವಿ ಕೆಂಪಾಯಿತು.

ಅವಳು ಒಬ್ಬಳೇ ಹೋದಳು. ಇಸ್ತ್ರಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ಮೇಜಿನ ತುದಿಗೆ ಸರಿಸಿದ.

‘ನಿಮಗೆ ಹನ್ನೊಂದು ಬಂದಿತ್ತಲ್ವಾ?’

‘ಹೌದು ಸಾರ್.’

‘ಕುಣೀಲಾರದವಳು ನೆಲ ಡೊಂಕು ಅಂದಳಂತೆ.’

‘ನೆಲ ನಿಜವಾಗ್ಲೂ ಡೊಂಕಾಗಿದೆ ಸಾರ್. ಅಳೆದು ತಂದಿದೀನಿ. ತಪ್ಪಿದ್ರೆ ನೀವೇ ತೋರಿಸಿ.’

‘ಇಂಥ ಲೆಕ್ಕ ಕೂತು ಮಾಡೋಕೆ ನನಗೆ ಪುರಸೊತ್ತಿಲ್ಲ.’

‘ಐದು ನಿಮಿಷದ್ದು. ನೀವು ನಮಗೆ ಕೊಟ್ಟ ಪೇಪರಿನಲ್ಲಿ ಏಳನೇದು ಇದೇ ಲೆಕ್ಕ.’

ಅವನು ಪೆನ್ನು ಎತ್ತಿಕೊಂಡ. ಹಾಳೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಅದನ್ನು ಕೆಳಗಿಟ್ಟು, ಫೋನು ಎತ್ತಿ, ಯಾರೂ ಕರೆಯದ ಫೋನಿಗೆ ‘ಹಲೋ’ ಎಂದ. ಲ್ಯಾಬಕ್ಕ ಹೊರಗೆ ಬಂದಳು. ಇವನನ್ನು ಇಷ್ಟು ದಿನ ದ್ವೇಷಿಸಿದ್ದೇ ದಂಡ ಎನ್ನಿಸಿತು. ದ್ವೇಷಕ್ಕೂ ಒಂದು ಗಾತ್ರ ಬೇಕು.

ಐದನೇ ದಿನದ ಪಾಠಕ್ಕೆ ಮೇಷ್ಟ್ರು ಬಂದವರೇ, ಏನೂ ಬರೆಯದೆ, ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿದರು. ‘ಇವತ್ತು ಒಂದೇ ಲೆಕ್ಕ. ರ‍್ಯಾಂಪಿನದು. ಚಿತ್ರ ಬರೀರಿ, ಹಂತ ಹಂತವಾಗಿ ಮಾಡಿ, ಕೆಳಗೆ ರುಜು ಹಾಕಿ. ಒಬ್ಬರದ್ದು ನೋಡಿ ಇನ್ನೊಬ್ಬರು ಬರೀಬೇಡಿ.’ ಹದಿನಾಲ್ಕು ಹಾಳೆಗಳಾದವು. ಅಜ್ಜಿಯ ಅಕ್ಷರ ಇರುವೆ ಸಾಲಿನಂತಿತ್ತು, ಸ್ಟ್ರೆಚರಣ್ಣನ ಸೊನ್ನೆಗಳು ಗಾಲಿಯಷ್ಟು ದಪ್ಪಗಿದ್ದವು. ಎಲ್ಲರ ಕೊನೆಯ ಸಾಲೂ ಆರುನೂರು. ಮೇಷ್ಟ್ರು ಪ್ರತಿಯೊಂದರ ಮೇಲೂ ಕೆಂಪು ಪೆನ್ನಿನಲ್ಲಿ ‘ಸರಿ’ ಎಂದು ಬರೆದು, ತಮ್ಮ ಹೆಸರನ್ನೂ ಬರೆದು, ಕಟ್ಟು ಕಟ್ಟಿ, ತಾವೇ ಮುಖ್ಯ ವೈದ್ಯರ ಕೋಣೆಗೆ ಹೊತ್ತೊಯ್ದರು. ಹೊರಗೆ ಬಂದಾಗ ಅವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

‘ಏನಂದ್ರು?’ ಎಂದು ಲ್ಯಾಬಕ್ಕ ಕೇಳಿದಳು.

‘ವೀಲ್‌ಚೇರು ತರಿಸಿದ್ರು. ತಾವೇ ಕೂತು ನೋಡ್ತಾರಂತೆ.’

ಮುಖ್ಯ ವೈದ್ಯರು ತೂಕದ ಮನುಷ್ಯ. ಅವರನ್ನು ಕೂರಿಸಿಕೊಂಡ ಗಾಲಿಕುರ್ಚಿ ರ‍್ಯಾಂಪಿನ ಕಾಲುಭಾಗ ಹತ್ತಿ ನಿಂತಿತು. ತಳ್ಳಲು ಸ್ಟ್ರೆಚರಣ್ಣನ ಜೊತೆ ಇಬ್ಬರು ಕೈ ಹಾಕಬೇಕಾಯಿತು. ಅವತ್ತೇ ಅಲ್ಲಿ ಹಗ್ಗ ಕಟ್ಟಿ ದಾರಿ ಮುಚ್ಚಿದರು. ಎರಡು ತಿಂಗಳಲ್ಲಿ ನಡುವೆ ಒಂದು ತಿರುವಿರುವ ಹೊಸ ರ‍್ಯಾಂಪು ಎದ್ದಿತು. ಉದ್ಘಾಟನೆಯ ದಿನ ‘ನಮ್ಮ ಗಣಿತ ತರಬೇತಿಯ ಫಲ’ ಎಂದು ಭಾಷಣ ಮಾಡಿದವನು ಇಸ್ತ್ರಿಯೇ. ಫಲಕವನ್ನೂ ಅಲ್ಲಿಂದ ಕಿತ್ತು ಇಲ್ಲಿಗೆ ಹಾಕಿಸಿಕೊಂಡ. ನಾಚಿಕೆ ಎನ್ನುವುದು ಇಲ್ಲದವನಿಗೆ ಯಾವ ಇಳಿಜಾರೂ ಕಷ್ಟವಲ್ಲ.

ಮರುಪರೀಕ್ಷೆಯಲ್ಲಿ ಲ್ಯಾಬಕ್ಕನಿಗೆ ಹದಿನೆಂಟು ಬಂತು, ಅಜ್ಜಿಗೆ ಹತ್ತೊಂಬತ್ತು. ಮನೆಯಲ್ಲಿ ಅವಳು ಮೇಷ್ಟ್ರನ್ನು ಹೊಗಳಲೇನೂ ಹೋಗಲಿಲ್ಲ. ಅವರೂ ಅದನ್ನು ನಿರೀಕ್ಷಿಸಲಿಲ್ಲ. ಆದರೆ ಒಂದು ಭಾನುವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

‘ಎಲ್ಲಿಗೆ?’

‘ರಕ್ತದ ಕಣ ಎಣಿಸ್ತೀಯಲ್ಲ, ಹೇಗೆ ಅಂತ ನೋಡೋಣ ಅಂತ.’

ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಎಣಿಕೆಯ ಗಾಜಿಗೆ ಒಂದು ಹನಿ ಬಿಟ್ಟು, ಸೂಕ್ಷ್ಮದರ್ಶಕದ ಫೋಕಸ್ ಸರಿಮಾಡಿ, ಅವರನ್ನು ಸ್ಟೂಲಿನ ಮೇಲೆ ಕೂರಿಸಿದಳು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಗ್ಗಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು.

‘ಚೌಕಗಳಿವೆ,’ ಎಂದರು ಕೊನೆಗೆ, ಮಗುವಿನ ದನಿಯಲ್ಲಿ.

‘ನಾಲ್ಕು ಮೂಲೆಯ ಚೌಕದಲ್ಲಿರೋ ಬಿಳಿ ಕಣ ಎಣಿಸಿ. ಬಂದದ್ದನ್ನ ಐವತ್ತರಿಂದ ಗುಣಿಸಬೇಕು.’

ಅವರು ತುಟಿ ಅಲುಗಿಸುತ್ತ ಎಣಿಸಿದರು. ‘ನೂರ ಇಪ್ಪತ್ತೊಂದು. ಅಂದ್ರೆ ಆರು ಸಾವಿರದ ಐವತ್ತು.’

ಅವಳು ಅವರನ್ನು ಸರಿಸಿ, ಕಣ್ಣಿಟ್ಟು, ಅರ್ಧ ನಿಮಿಷದಲ್ಲಿ ಎದ್ದಳು. ‘ನೂರ ಎಂಟು. ಮೇಲಿನ ಅಂಚು, ಎಡಗಡೆ ಅಂಚು ಮುಟ್ಟಿದ್ದನ್ನ ಮಾತ್ರ ಸೇರಿಸ್ಕೋಬೇಕು. ಕೆಳಗಿಂದು, ಬಲಗಡೇದು ಬಿಡಬೇಕು. ನೀವು ನಾಲ್ಕೂ ಕಡೆಯವನ್ನ ಬಾಚಿಕೊಂಡಿದೀರಿ.’

‘ನೀನು ಅದನ್ನ ಹೇಳಲಿಲ್ಲ.’

‘ನೀವು ಕೇಳಲಿಲ್ಲ.’

ಮೇಷ್ಟ್ರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದರು. ಅವಳು ಪಕ್ಕದಲ್ಲಿ ನಿಂತು, ಮೂಗು ತುಸು ವಾಲಿಸಿಕೊಂಡು, ಇನ್ನೊಂದು ತಪ್ಪಿಗಾಗಿ ಕಾದಳು.